ಗಡಿ ಒಪ್ಪಂದ ಓದುವ ಕ್ರಮ: ಚಕ್ಕುಬಂದಿಯಿಂದ ಶುರು ಮಾಡಿ

ಜಾಗದ ದಸ್ತಾವೇಜು ಕೈಗೆ ಬಂದರೆ ಮಂಗಳೂರು, ಉಡುಪಿ ಕಡೆಯವರು ಮೊದಲ ಪುಟ ಓದುತ್ತ ಕೂರುವುದಿಲ್ಲ. ನೇರ ಶೆಡ್ಯೂಲಿಗೆ ಹೋಗಿ ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ, ನೋಡುತ್ತಾರೆ: ಪೂರ್ವಕ್ಕೆ ತೋಡು, ದಕ್ಷಿಣಕ್ಕೆ ಸರ್ವೆ ಕಲ್ಲು, ಪಶ್ಚಿಮಕ್ಕೆ ಇಂಥವರ ವರ್ಗ ಜಾಗ. ಗಡಿಯಲ್ಲಿ ಹೊಡೆದಾಡಿದ ಎರಡು ದೇಶಗಳ ಶಾಂತಿ ಒಪ್ಪಂದವನ್ನೂ ಹೀಗೇ ಹಿಂದಿನಿಂದ ಮುಂದಕ್ಕೆ ಓದಬೇಕು. ಮುನ್ನುಡಿಯ ‘ಶಾಶ್ವತ ಮೈತ್ರಿ’ ಎಂಬುದು ಮದುವೆ ಕಾಗದದ ಮೇಲಿನ ‘ಶ್ರೀ ಗಣೇಶಾಯ ನಮಃ’ ಇದ್ದ ಹಾಗೆ. ಬೇಡವೆಂದಲ್ಲ, ಆದರೆ ಅದರಿಂದ ಮುಹೂರ್ತ ಗೊತ್ತಾಗುವುದಿಲ್ಲ.

ಕೆಎಎಸ್, ಯುಪಿಎಸ್‌ಸಿಗೆ ಓದುವವರಿಗೂ ಪತ್ರಿಕೆಯ ಡೆಸ್ಕಿನಲ್ಲಿ ಕೂರುವವರಿಗೂ ಬೇಕಾದ ಸಾಮಾನು ಇಷ್ಟೇ: ಒಪ್ಪಂದದ ಪೂರ್ಣ ಪಠ್ಯ (ಸುದ್ದಿಯ ಸಾರಾಂಶ ಸಾಲದು), ಅದರ ಅನುಬಂಧಗಳು, ಜಗಳಕ್ಕೆ ಮೊದಲಿನದೊಂದು ನಕ್ಷೆ, ನಂತರದ್ದೊಂದು ನಕ್ಷೆ, ಎರಡು ಬಣ್ಣದ ಪೆನ್ಸಿಲ್.

ಮೊದಲು ಕೆಂಪು ಪೆನ್ಸಿಲಿನಲ್ಲಿ ತಾರೀಕುಗಳಿಗೆ ಗೆರೆ ಎಳೆಯಿರಿ. ಸೇನೆ ಹಿಂದೆ ಸರಿಯುವ ಕಲಮಿನಲ್ಲಿ ಎರಡು ತಾರೀಕು ಇರಲೇಬೇಕು: ಯಾವ ದಿನ ಇದ್ದ ಜಾಗಕ್ಕೆ ಮರಳಬೇಕು, ಯಾವ ದಿನದೊಳಗೆ ಮರಳಬೇಕು. ಭಾರತ–ಪಾಕಿಸ್ತಾನ ನಡುವಿನ 1966ರ ಜನವರಿ 10ರ ತಾಷ್ಕೆಂಟ್ ಘೋಷಣೆಯಲ್ಲಿ ಎರಡೂ ಇವೆ. 1965ರ ಆಗಸ್ಟ್ 5ಕ್ಕೆ ಮೊದಲು ಇದ್ದ ನೆಲೆಗೆ, 1966ರ ಫೆಬ್ರವರಿ 25ರೊಳಗೆ. ಹಾಗಾಗಿ ಸೇನೆಗಳು ಹಿಂದಕ್ಕೆ ಹೋದವು, ಭಾರತ ಗೆದ್ದಿದ್ದ ಹಾಜಿ ಪೀರ್ ಕಣಿವೆದಾರಿಯೂ ಹೋಯಿತು. ಅದೇ ಘೋಷಣೆಯಲ್ಲಿ ಕಾಶ್ಮೀರದ ಬಗ್ಗೆ ಇರುವುದು ಎರಡೂ ಕಡೆಯವರು ತಮ್ಮ ನಿಲುವು ಮಂಡಿಸಿದರು ಎಂದಷ್ಟೇ. ತಾರೀಕಿಲ್ಲದ ಆ ಮಾತು ಇದ್ದಲ್ಲೇ ಉಳಿಯಿತು.

ನೀಲಿ ಪೆನ್ಸಿಲ್ ಕ್ರಿಯಾಪದಗಳಿಗೆ. ‘ಮಾಡತಕ್ಕದ್ದು’ ಎಂದಿದೆಯೋ, ‘ಮಾಡಲು ಯತ್ನಿಸುವುದು’ ಎಂದಿದೆಯೋ? ಎರಡನೆಯದನ್ನು ಹಾಗೇ ದಾಟಿ ಹೋಗಿ.

ಈಗ ನಕ್ಷೆ. ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಕಾಗದದ ಮೇಲೆ ಗಡಿ ಬರೆಯುವುದು ಒಂದು ಕೆಲಸ, ನೆಲದಲ್ಲಿ ಕಲ್ಲು ಹಾಕುವುದು ಇನ್ನೊಂದು. ಎರಡರ ನಡುವೆ ಎಷ್ಟು ಜಾಗ ಇದೆಯೋ ಮುಂದಿನ ಜಗಳಕ್ಕೂ ಅಷ್ಟೇ ಜಾಗ. ಭಾರತ–ಪಾಕಿಸ್ತಾನದ 1949ರ ಕರಾಚಿ ಒಪ್ಪಂದ ಕಾಶ್ಮೀರದ ಕದನವಿರಾಮ ರೇಖೆಯನ್ನು ಬಿಂದುವಿನಿಂದ ಬಿಂದುವಿಗೆ ವಿವರಿಸಿ, ಕೊನೆಗೆ ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆ’ ಎಂದು ಕೈಬಿಟ್ಟಿತು. ಅಷ್ಟು ಎತ್ತರಕ್ಕೆ ಯಾರು ಹೋಗುತ್ತಾರೆ ಎಂಬ ಲೆಕ್ಕ. 1972ರ ಜುಲೈ 2ರ ಶಿಮ್ಲಾ ಒಪ್ಪಂದದ ನಂತರ, ಅದೇ ಡಿಸೆಂಬರಿನಲ್ಲಿ ನಿಯಂತ್ರಣ ರೇಖೆಯ ನಕ್ಷೆಗಳಿಗೆ ಸಹಿ ಬಿದ್ದಾಗಲೂ ಗೆರೆ ಎನ್‌ಜೆ 9842 ಎಂಬ ಬಿಂದುವಿನಲ್ಲೇ ನಿಂತಿತು. 1984ರ ಏಪ್ರಿಲಿನಲ್ಲಿ ಭಾರತದ ಸೇನೆ ಸಿಯಾಚಿನ್ ಏರಿದ್ದು ಗೆರೆ ಮುಗಿದ ಆ ಜಾಗದಿಂದಾಚೆಗೆ.

ಗಡಿಗೆ ಹೊಳೆ, ಬೆಟ್ಟಸಾಲು ಬಂದರೆ ಇನ್ನೂ ಎಚ್ಚರ. ಹೊಳೆಯ ಯಾವ ದಡ, ನಡು ನೀರೋ ಆಳದ ಹರಿವೋ, ಪಾತ್ರ ಸರಿದರೆ ಗಡಿಯೂ ಸರಿಯುತ್ತದೆಯೋ ಎಂದು ಬರೆದಿರಬೇಕು. ಅಳಿವೆ ಬಾಗಿಲಿನ ಮರಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವುದನ್ನು ಕಂಡವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸದು. ಪೆರು–ಈಕ್ವೆಡಾರ್ ನಡುವಿನ 1942ರ ರಿಯೊ ಒಪ್ಪಂದ, ಸಮೋರಾ ಮತ್ತು ಸಾಂಟಿಯಾಗೊ ನದಿಗಳ ನಡುವಿನ ಜಲವಿಭಾಜಕವೇ (ಮಳೆನೀರು ಎರಡು ಹೊಳೆಗಳ ಕಡೆಗೆ ಬೇರೆಯಾಗಿ ಇಳಿಯುವ ಬೆಟ್ಟದ ನೆತ್ತಿ) ಗಡಿ ಎಂದಿತು. ಆಮೇಲೆ ವಿಮಾನದಿಂದ ಫೋಟೊ ತೆಗೆದು ಸರ್ವೆ ಮಾಡಿದರೆ ಎರಡರ ನಡುವೆ ಸೆನೆಪಾ ನದಿ ಎಣಿಸಿದ್ದಕ್ಕಿಂತ ಬಹಳ ಉದ್ದ ಹರಿಯುತ್ತಿತ್ತು. ಜಲವಿಭಾಜಕ ಒಂದಲ್ಲ, ಎರಡು! ಸುಮಾರು 78 ಕಿಲೋಮೀಟರಿಗೆ ಕಲ್ಲೇ ಬೀಳಲಿಲ್ಲ. 1981 ಮತ್ತು 1995ರಲ್ಲಿ ಗುಂಡು ಹಾರಿದ್ದು ಅಲ್ಲೇ.

ಅದು ಮುಗಿದ ಬಗೆಯನ್ನೂ ನೋಡಿ. 1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಸಹಿಯಾದಾಗ ಗಡಿ ಬಹುಪಾಲು ಪೆರು ಕೇಳಿದಂತೆ ಬೆಟ್ಟದ ನೆತ್ತಿಯಲ್ಲೇ ಹೋಯಿತು. ಆದರೆ ಈಕ್ವೆಡಾರಿನ ಸೈನಿಕರು ಹೋರಾಡಿದ ತಿವಿಂಜಾದಲ್ಲಿ ಒಂದು ಚದರ ಕಿಲೋಮೀಟರ್ ನೆಲ ಈಕ್ವೆಡಾರಿಗೆ ಖಾಸಗಿ ಸ್ವತ್ತಾಗಿ ಸಿಕ್ಕಿತು. ಪಟ್ಟಾ ಇವರದು, ಸರಕಾರ ಅವರದು. ಸುಮಾರು 247 ಎಕರೆಯಲ್ಲಿ ಎರಡೂ ದೇಶದ ಮಾನ ಉಳಿಯಿತು. ನಮ್ಮ ಮಟ್ಟಿಗೆ ಗಡಿ ಒಪ್ಪಂದಗಳಲ್ಲಿ ಇಷ್ಟು ಜಾಣತನದ ಕಲಮು ಅಪರೂಪ.

ಮುಂದಿನ ಪ್ರಶ್ನೆ: ಅಳೆಯುವವರು ಯಾರು, ಅಳತೆ ಒಪ್ಪದಿದ್ದರೆ ಏನು? 2000ದ ಡಿಸೆಂಬರ್ 12ರ ಅಲ್ಜೀರ್ಸ್ ಒಪ್ಪಂದದಲ್ಲಿ ಇಥಿಯೋಪಿಯ, ಎರಿಟ್ರಿಯಗಳು ಐವರ ಗಡಿ ಆಯೋಗದ ತೀರ್ಪೇ ಅಂತಿಮ ಎಂದು ಒಪ್ಪಿದ್ದವು. 2002ರ ಏಪ್ರಿಲಿನ ತೀರ್ಪಿನಲ್ಲಿ ಬಾದ್ಮೆ ಊರು ಎರಿಟ್ರಿಯಕ್ಕೆ ಸೇರಿತು. ಇಥಿಯೋಪಿಯ ಬಿಟ್ಟುಕೊಡಲಿಲ್ಲ. ಅಂತಿಮ ಎಂದು ಬರೆದಿತ್ತು, ಜಾರಿ ಮಾಡಿಸುವವರು ಯಾರೆಂದು ಗಟ್ಟಿಯಾಗಿ ಇರಲಿಲ್ಲ. ಶಾಂತಿಯ ಘೋಷಣೆಗೆ 2018ರ ಜುಲೈ ಬರಬೇಕಾಯಿತು.

ಜಾರಿಗೆ ಬರುವ ಕಲಮನ್ನು ಮರೆಯಬೇಡಿ. ಸಹಿ ಆದ ದಿನವೋ, ಸಂಸತ್ತು ಒಪ್ಪಿದ ಮೇಲೋ? ಭಾರತ–ಬಾಂಗ್ಲಾ ಭೂಗಡಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1974ರಲ್ಲಿ. ಸಂವಿಧಾನದ 100ನೇ ತಿದ್ದುಪಡಿಯಾಗಿ, ಅಲ್ಲಿದ್ದ 111 ಭಾರತೀಯ, ಇಲ್ಲಿದ್ದ 51 ಬಾಂಗ್ಲಾ ತುಂಡುಭೂಮಿಗಳು ಕೈಬದಲಾದದ್ದು 2015ರ ಜುಲೈ 31ರ ನಡುರಾತ್ರಿ.

ಕೈ ಪಳಗಿಸಲು ಊರಿನದೇ ಪಠ್ಯವಿದೆ: ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿ ನಡುವೆ 1784ರ ಮಾರ್ಚ್ 11ರಂದು ಇಲ್ಲೇ ಆದ ಮಂಗಳೂರು ಒಪ್ಪಂದ. ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಫೋಟೊ ತೆಗೆಸಿಕೊಂಡವರು ಬಹಳ, ಇದನ್ನು ಓದಿದವರು ಕಡಿಮೆ. ಗೆದ್ದ ಊರುಗಳನ್ನು ಪರಸ್ಪರ ಹಿಂತಿರುಗಿಸುವುದು, ಕೈದಿಗಳನ್ನು ಬಿಡುವುದು ಮುಖ್ಯ ಕರಾರು. ಕೈದಿಗಳ ಕಲಮಿನ ಪಕ್ಕ ‘ಎಣಿಸಿ ನೋಡುವವರು ಯಾರು’ ಎಂದು ಬರೆದುಕೊಳ್ಳಿ. ಬಿಡುಗಡೆಯಾಗದೆ ಉಳಿದ ಕೆಲವರು ವರ್ಷಗಳ ನಂತರ ತಪ್ಪಿಸಿಕೊಂಡು ಹೋದದ್ದುಂಟು. ಆಮೇಲೆ ಮೊದಲ ಕಲಮಿಗೆ ಬನ್ನಿ: ಕಂಪನಿಯ ಮಿತ್ರರ ಸಾಲಿನಲ್ಲಿ ತಂಜಾವೂರು, ತಿರುವಾಂಕೂರು ರಾಜರ ಹೆಸರಿದೆ. ಸಾಮಾನ್ಯವಾಗಿ ಕಣ್ಣು ಜಾರಿ ಹೋಗುವ ಸಾಲು. 1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದಾಗ ಕಂಪನಿ ಯುದ್ಧಕ್ಕೆ ಕಾರಣ ತೋರಿಸಿದ್ದು ಆ ಮೈತ್ರಿಯನ್ನೇ.

ಪಕ್ಕದಲ್ಲಿ 1792ರ ಶ್ರೀರಂಗಪಟ್ಟಣ ಒಪ್ಪಂದ ಇಟ್ಟುಕೊಂಡು ‘ಮಾತು ತಪ್ಪಿದರೆ ಏನು’ ಎಂಬ ಪ್ರಶ್ನೆಯನ್ನು ಎರಡಕ್ಕೂ ಹಾಕಿ. ಮಂಗಳೂರಿನ ಪಠ್ಯದಲ್ಲಿ ಉತ್ತರ ತಡಕಾಡಬೇಕು. ಶ್ರೀರಂಗಪಟ್ಟಣದಲ್ಲಿ ಹುಡುಕುವುದೇ ಬೇಡ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ಸಲ್ಲುವವರೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ.