ಒಟಿಪಿ ಹೇಳದೆಯೂ ಹೋಯ್ತು ಹತ್ತು ಸಾವಿರ

ಎರಡನೇ ಶನಿವಾರ ಬೆಳಗ್ಗೆ ದೋಸೆ ಹುಯ್ಯುತ್ತಿದ್ದೆ. ಮೊಬೈಲಿಗೆ ಮೆಸೇಜ್ ಬಂತು. ನನ್ನ ಉಳಿತಾಯ ಖಾತೆಯಿಂದ 10,000 ರೂಪಾಯಿ ಡೆಬಿಟ್! ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಇನ್ನೊಮ್ಮೆ ಓದಿದಾಗ ‘ಎಇಪಿಎಸ್’ ಅಂತ ಕಂಡಿತು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ಪಿಂಚಣಿ ತೆಗೆದುಕೊಳ್ತಾರಲ್ಲ, ಅದೇ ವ್ಯವಸ್ಥೆ. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು. ಕಾಗದಪತ್ರಗಳಲ್ಲಿರೋ ಬೆರಳಚ್ಚಿನಿಂದ ಕಳ್ಳರು ನಕಲಿ ಅಚ್ಚು ಮಾಡ್ತಾರೆ.

ಒಲೆ ಆರಿಸಿ ಮೊದಲು ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದೆ, ಅಂದ್ರೆ ನನ್ನ ಬೆರಳಚ್ಚು ಎಲ್ಲೂ ನಡೆಯದ ಹಾಗೆ ಬೀಗ ಹಾಕಿದೆ. ಇಲ್ಲದಿದ್ದರೆ ಉಳಿದ ದುಡ್ಡೂ ಹೋಗುತ್ತಿತ್ತು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದುಕೊಂಡೆ. ಬ್ಯಾಂಕಿಗೆ ರಜೆ. ಅದಕ್ಕೇ ಅವತ್ತೇ ಇಮೇಲ್ ಕಳಿಸಿದೆ.

ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೇ ಶಾಖೆಯಲ್ಲಿದ್ದೆ.

“ಮೇಡಂ, ಯಾರಿಗೋ ಒಟಿಪಿ ಹೇಳಿರ್ತೀರ, ನೆನಪು ಮಾಡ್ಕೊಳ್ಳಿ” ಅಂದರು ಅಲ್ಲಿದ್ದ ಅಧಿಕಾರಿ.

“ಸರ್, ಇದಕ್ಕೆ ಒಟಿಪಿ ಬರೋದೇ ಇಲ್ಲ. ಎಂಟ್ರಿ ನೋಡಿ” ಅಂತ ಪಾಸ್‌ಬುಕ್ ಮುಂದಿಟ್ಟೆ.

ಬಾಯಿಮಾತಲ್ಲಿ ಮುಗಿಸಿ ಬರಬೇಡಿ, ದಯವಿಟ್ಟು. ನಾನು ಗೆರೆ ಹಾಳೆಯಲ್ಲಿ ಎರಡು ಪ್ರತಿ ಬರೆದುಕೊಂಡು ಹೋಗಿದ್ದೆ. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ, 1930ರ ದೂರು ಸಂಖ್ಯೆ ಎಲ್ಲ ಅದರಲ್ಲಿತ್ತು. ಆ ಹೊತ್ತಿಗೆ ನಾನು ಮನೆಯಲ್ಲೇ ಇದ್ದೆ, ಹಣ ತೆಗೆದ ಯಂತ್ರ ಯಾವ ಊರಿನದು ತಿಳಿಸಿ ಅಂತಲೂ ಕೇಳಿದ್ದೆ. ಒಂದು ಪ್ರತಿ ಅವರಿಗೆ. ಇನ್ನೊಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡೇ ಎದ್ದೆ. ಸೀಲಿಗಾಗಿ ಮುಕ್ಕಾಲು ಗಂಟೆ ಕೂತಿದ್ದೆ, ಬೇಜಾರಿಲ್ಲ.

ಯಾಕೆ ಅಂದ್ರೆ ಆ ತಾರೀಕೇ ಎಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊರೆ ಇಲ್ಲ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ನನ್ನಂಥ ಸಾಮಾನ್ಯ ಉಳಿತಾಯ ಖಾತೆಯವರ ಮೇಲೆ 10,000 ರೂಪಾಯಿವರೆಗೆ ಬೀಳುತ್ತದೆ. ನನ್ನದು ಹೋಗಿದ್ದೇ ಅಷ್ಟು! ತಪ್ಪು ಗ್ರಾಹಕರದು ಅಂತ ಸಾಬೀತು ಮಾಡಬೇಕಾದ್ದೂ ಬ್ಯಾಂಕೇ, ನಾವಲ್ಲ. ಇದನ್ನೂ ಅರ್ಜಿಯಲ್ಲಿ ಬರೆದಿದ್ದೆ.

ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ನನಗೆ ಒಂಬತ್ತನೇ ದಿನ ಹಣ ಬಂತು. 30 ದಿನದಲ್ಲಿ ಉತ್ತರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋಣ ಅಂತ ಕಾಗದ ಜೋಡಿಸಿಟ್ಟಿದ್ದೆ, ಬೇಕಾಗಲಿಲ್ಲ. ಎರಡು ತಿಂಗಳ ಮೇಲೆ ದೂರು ಮುಗಿದಿದೆ, ಹಣ ನಿಮ್ಮದೇ ಅಂತ ಪತ್ರ ಬಂತು.

ಬಯೋಮೆಟ್ರಿಕ್ ಲಾಕ್ ಈಗಲೂ ತೆಗೆದಿಲ್ಲ. ರೇಷನ್ ಅಂಗಡಿಯಲ್ಲಿ ನನ್ನ ಸರದಿ ಬಂದಾಗ ಆ್ಯಪಿನಲ್ಲಿ ಸ್ವಲ್ಪ ಹೊತ್ತಿಗೆ ತೆಗೆದು ಹೆಬ್ಬೆಟ್ಟು ಒತ್ತುತ್ತೇನೆ. ಅಕ್ಕಿ ಚೀಲಕ್ಕೆ ಸುರಿಯುವಷ್ಟರಲ್ಲಿ ಅದು ಮತ್ತೆ ತಾನಾಗೇ ಲಾಕ್ ಆಗುತ್ತದೆ.