10×12 ರೂಮಿನಲ್ಲಿ ಇಬ್ಬರ ಸಂಸಾರ, ಅದೂ ಚಿಕ್ಕಮಗಳೂರಿನ ಮಳೆಗಾಲದಲ್ಲಿ

ಒಂದೇ ರೂಮಿನ ಬಾಡಿಗೆ ಮನೆ ನೋಡಲು ಹೋದವರು ಟೇಪು ಹಿಡಿಯುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡಬೇಕು. ಇಲ್ಲಿ ಮಳೆ ಬೀಸಿ ಹೊಡೆಯುವುದು ನೈಋತ್ಯದಿಂದ. ಬಯಲಿಗೆ ತೆರೆದ ಪಶ್ಚಿಮ, ದಕ್ಷಿಣದ ಗೋಡೆಗಳು ಆರಿದ್ರಾ ಮಳೆ ಹೊತ್ತಿಗೆ ಒದ್ದೆಯಾಗಿರುತ್ತವೆ. ಮಂಚ, ಬೀರು, ಅಕ್ಕಿ ಡಬ್ಬ ಯಾವುದೂ ಅತ್ತ ಬೇಡ. ಒಳಗೋಡೆಗೆ ಇಟ್ಟರೂ ನಾಲ್ಕು ಬೆರಳು ಸಂದು ಬಿಡಿ. ಅಂಟಿಸಿಟ್ಟರೆ ಗಾಳಿಯಾಡದೆ ಹಿಂದುಗಡೆ ಬೂಷ್ಟು ಹಿಡಿಯುತ್ತದೆ, ಬೀರು ಸರಿಸುವ ತನಕ ಗೊತ್ತೇ ಆಗುವುದಿಲ್ಲ. ಬೂಷ್ಟನ್ನು ಒಣ ಪೊರಕೆಯಲ್ಲಿ ಕೆರೆದರೆ ಪುಡಿ ರೂಮಿಡೀ ಹಾರುತ್ತದೆ; ಸೋಪುನೀರಿನ ಬಟ್ಟೆಯಲ್ಲಿ ಒರೆಸಿ.

ಮಂಚ 4 ಅಡಿಯದೇ ಸಾಕು. ಲೆಕ್ಕ ನೋಡಿ: ಅಗಲ 10 ಅಡಿಯಲ್ಲಿ ಮಂಚಕ್ಕೆ 4, ಎದುರಿನ ಅಡುಗೆ ಕಟ್ಟೆಗೆ 2, ಸಂದಿಗೆ ಕಾಲಡಿ ಹೋದರೆ ಉಳಿಯುವುದು 3¾. ಆಸೆಪಟ್ಟು 5 ಅಡಿ ಮಂಚ ತಂದರೆ 2¾. ಒಬ್ಬರು ಒಲೆ ಮುಂದೆ ನಿಂತರೆ ಇನ್ನೊಬ್ಬರು ಬಚ್ಚಲಿಗೆ ಹೋಗಲು ಮಂಚ ಹತ್ತಿ ಇಳಿಯಬೇಕು. ಬೆಳಗಿನ ಅರ್ಧ ಜಗಳ ಹುಟ್ಟುವುದು ಅಲ್ಲೇ. ಮಂಚಕ್ಕೆ ಇಡೀ ಪ್ಲೈವುಡ್ ಹಲಗೆ ಹಾಕಿಸದೆ ಸಂದು ಬಿಟ್ಟ ಪಟ್ಟಿಗಳನ್ನೇ ಹಾಕಿಸಿ, ಇಲ್ಲದಿದ್ದರೆ ಹಾಸಿಗೆ ಅಡಿಯಿಂದ ಮುಗ್ಗುತ್ತದೆ. ಹೆಚ್ಚಿನ ರಗ್ಗು, ಕಂಬಳಿಗಳನ್ನು ಮೇ ಬಿಸಿಲಲ್ಲಿ ಒಣಗಿಸಿ, ಮೃಗಶಿರಾ ಹಿಡಿಯುವ ಮೊದಲೇ ಟ್ರಂಕಿಗೆ ಹಾಕಿ ಮುಚ್ಚಿಬಿಡಿ.

ಬಟ್ಟೆಯದ್ದೇ ದೊಡ್ಡ ತಲೆನೋವು. 2 ಕೆಜಿ ಹತ್ತಿ ಬಟ್ಟೆ ಕೈಯಲ್ಲಿ ಹಿಂಡಿದರೂ ಹೆಚ್ಚುಕಮ್ಮಿ 2 ಲೀಟರ್ ನೀರು ಉಳಿದಿರುತ್ತದೆ. ಒಳಗೆ ಹರವಿದರೆ ಅಷ್ಟೂ ಗೋಡೆಗೇ. ಭಾನುವಾರದ ರಾಶಿಗೆ ಕಾಯದೆ ದಿನಾ ಇಬ್ಬರ ಒಂದೊಂದು ಜೊತೆ ಒಗೆಯಿರಿ. ಗೇಣು ಬಿಟ್ಟು ನೇತುಹಾಕಿ, ಫ್ಯಾನ್ ತಿರುಗಿಸಿ, ಕಿಟಕಿ ಎರಡು ಬೆರಳು ತೆರೆದಿಡಿ. ಹಣವಿದ್ದರೆ ಟಿವಿಗಿಂತ ಮೊದಲು ಬಟ್ಟೆ ಹಿಂಡುವ ಸ್ಪಿನ್ನರ್ ತನ್ನಿ.

ಚಳಿಗಾಳಿ ಬರುತ್ತದೆಂದು ಬಾಗಿಲ ಅಡಿಗೆ ಗೋಣಿಚೀಲ ತುರುಕುವ ಅಭ್ಯಾಸ ಇಲ್ಲಿ ಉಂಟು. ಸಿಲಿಂಡರ್ ಇರುವ ರೂಮಿನಲ್ಲಿ ಅದು ಬೇಡವೇ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡುತ್ತದೆ, ಹೊರಹೋಗಲು ಆ ಸಂದೇ ದಾರಿ. ಎಕ್ಸಾಸ್ಟ್ ಫ್ಯಾನಿಗೂ ಗಾಳಿ ಒಳಬರುವುದು ಅಲ್ಲಿಂದಲೇ. ಸಂದು ಮುಚ್ಚಿದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ, ಒಗ್ಗರಣೆ ಘಾಟು ಹಾಸಿಗೆಯಲ್ಲೇ ಉಳಿಯುತ್ತದೆ. ಅಗ್ಗಿಷ್ಟಿಕೆಯ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬೇಡಿ, ಗ್ಯಾಸ್ ಗೀಸರ್ ಬಚ್ಚಲೊಳಗೆ ಕೂರಿಸಬೇಡಿ. ಎರಡರಿಂದಲೂ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವಾಗುವುದೇ ಇಲ್ಲ.

ಒಬ್ಬರು ಬೆಳಗ್ಗೆ 5ಕ್ಕೆ ಏಳುವವರಾದರೆ ಅವರ ಬಟ್ಟೆ, ಟಾರ್ಚು, ಕೊಡೆ ರಾತ್ರಿಯೇ ಬಚ್ಚಲ ಬಾಗಿಲ ಮೊಳೆಗೆ ಹೋಗಲಿ. ಕಟ್ಟೆ ಮೇಲೊಂದು ಸಣ್ಣ ಬಲ್ಬು ಹಾಕಿಸಿಕೊಂಡರೆ ಟ್ಯೂಬ್‌ಲೈಟ್ ಹಚ್ಚದೆಯೇ ಕಾಫಿ ಆಗುತ್ತದೆ.