1983ರ ಕಾಂಡೋರ್ ಹೀರೋಸ್ ನೋಡುವ ಮುನ್ನ

ಹಾಂಗ್‌ಕಾಂಗ್‌ನ ಲೇಖಕ ಜಿನ್ ಯೊಂಗ್ ಅವರ ‘ಕಾಂಡೋರ್ ಹೀರೋಸ್’ ಕಾದಂಬರಿ ಹಲವು ಬಾರಿ ಧಾರಾವಾಹಿಯಾಗಿದೆ. ಹಾಂಗ್‌ಕಾಂಗ್‌ನ ಟಿವಿಬಿ ವಾಹಿನಿ 1983ರಲ್ಲಿ ಕ್ಯಾಂಟನೀಸ್ ಭಾಷೆಯಲ್ಲಿ ತಯಾರಿಸಿದ್ದೇ ಬೇಕೆಂದರೆ ಮೊದಲು ಕಂತು ಎಣಿಸಿ: ಒಟ್ಟು 59, ಮೂರು ಭಾಗ. 35 ಕಂತುಗಳಿದ್ದರೆ ಅದು ಟಿವಿಬಿಯದೇ 1994ರ ಆವೃತ್ತಿ. 1983ರದ್ದರಲ್ಲಿ ನಾಯಕ-ನಾಯಕಿಯಾಗಿ ಫೆಲಿಕ್ಸ್ ವಾಂಗ್, ಬಾರ್ಬರಾ ಯುಂಗ್ ಜೋಡಿ ಇರಬೇಕು.

ಮುಂದಿನದು ಧ್ವನಿ. ಮ್ಯಾಂಡರಿನ್ ಡಬ್ಬಿಂಗ್ ಪ್ರತಿಗಳೂ ಓಡಾಡುತ್ತಿವೆ. ನಾಯಕನನ್ನು ‘ಕ್ವಾಕ್ ಚಿಂಗ್’ ಎಂದು ಕರೆದರೆ ಕ್ಯಾಂಟನೀಸ್, ‘ಗುವೊ ಜಿಂಗ್’ ಎಂದರೆ ಮ್ಯಾಂಡರಿನ್. ಸಬ್‌ಟೈಟಲ್ ನಂಬಬೇಡಿ, ಕ್ಯಾಂಟನೀಸ್ ಧ್ವನಿಯಿದ್ದರೂ ಅಲ್ಲಿ ಮ್ಯಾಂಡರಿನ್ ಹೆಸರೇ ಇರಬಹುದು.

ಮುಖಗಳು ಅಗಲವಾಗಿ ಕಂಡರೆ ಚಿತ್ರ ಹಿಗ್ಗಿದೆ ಎಂದರ್ಥ. ಟಿವಿಯ ಅನುಪಾತವನ್ನು 4:3ಕ್ಕೆ ಇಳಿಸಿ, ಪಕ್ಕದ ಕಪ್ಪು ಪಟ್ಟಿ ಸಹಿಸಿಕೊಳ್ಳಿ.

ಆರಂಭದ ಕಂತುಗಳನ್ನು ಮಾತ್ರ ಹಾರಿಸಬೇಡಿ. ಕ್ವಾಕ್ ಮತ್ತು ಯೆಂಗ್ ಕುಟುಂಬಗಳ ಹಳ್ಳಿ, ಜಿನ್ ರಾಜವಂಶದ ರಾಜಕುಮಾರನ ಸಂಚು, ಮಂಗೋಲಿಯಾದ ಬಾಲ್ಯ ಎಲ್ಲವೂ ಅಲ್ಲೇ ಇವೆ. ಬಿಟ್ಟರೆ ಯೆಂಗ್ ಕುಟುಂಬದ ಮಗ ಯೆಂಗ್ ಹೊಂಗ್ ಯಾಕೆ ಹಾಗಾದ ಎಂಬುದು ಅರ್ಥವಾಗದು. ಸ್ಟುಡಿಯೋ ಸೆಟ್‌ಗಳು ಬಡವಾಗಿಯೇ ಇವೆ, ಒಪ್ಪಬೇಕು. ನಟನೆ ಅದನ್ನು ಮರೆಸುತ್ತದೆ. ರೋಮನ್ ಟಾಮ್, ಜೆನ್ನಿ ಟ್ಸೆಂಗ್ ಹಾಡಿದ ಶೀರ್ಷಿಕೆ ಗೀತೆ ಬಂದಾಗ ರಿಮೋಟ್ ಮುಟ್ಟಬೇಡಿ. ಮುಗಿದ ಮೇಲೆ ಆಂಡಿ ಲಾವ್ ನಟಿಸಿದ ಮುಂದುವರಿದ ಕಥೆಗೆ ಹೋಗಿ, ಅದೂ ಟಿವಿಬಿಯದೇ.